ರುಚಿ ನೋಡಿದ್ದು ಊಟವಲ್ಲ

೭ ಅಕ್ಟೋಬರ್ ೧೯೬೩, ಸೋಮವಾರ

ತಿಂದದ್ದನ್ನೆಲ್ಲ ದಿನಾ ಬರೆದಿಡಬೇಕಂತೆ. ಪುತ್ತೂರಿನ ಡಾಕ್ಟರು ಪ್ರೇಮನಾಥರ ಅಪ್ಪಣೆ. ಆಯ್ತು, ಬರೆಯುವ. ಆದರೆ ಈ ಪುಸ್ತಕ ಅವರಿಗೆ ತೋರಿಸುದಿಲ್ಲ. ಇದು ನಾನು ಮದುವೆ ಅಡುಗೆಯ ಸಾಮಾನು ಪಟ್ಟಿ ಬರೆಯುವ ಪುಸ್ತಕ, ಹಿಂದಿನ ಹಾಳೆಗಳು ಖಾಲಿ ಉಂಟು. ಇದರಲ್ಲಿ ನನಗೆ ತೋಚಿದ್ದು ಬರೆಯುತ್ತೇನೆ. ಅವರಿಗೆ ಬೇರೆ ಕಾಗದದಲ್ಲಿ ಗಂಜಿ, ಗಂಜಿ, ಗಂಜಿ ಅಂತ ಬರೆದು ಕೊಟ್ಟರಾಯ್ತು.

ಆದದ್ದು ಇಷ್ಟೆ. ಪೆರಾಬೆಯ ಒಂದು ಮದುವೆಯಲ್ಲಿ ತುಪ್ಪದನ್ನದ ಹಂಡೆ ಇಳಿಸುವಾಗ ಎದೆ ಹಿಡಿದ ಹಾಗಾಯ್ತು. ಹತ್ತು ನಿಮಿಷ ಕೂತೆ, ಹೋಯ್ತು. ಐವತ್ತೆರಡು ವರ್ಷದವನಿಗೆ ಅಷ್ಟೂ ಆಗಬಾರದಾ? ಆದರೆ ಯೂಸುಫನ ಬಾಯಿ ನಿಲ್ಲಬೇಕಲ್ಲ. ನನ್ನ ಕೈಕೆಳಗೆ ಹನ್ನೆರಡು ವರ್ಷ ಪಳಗಿದ ಅಡುಗೆಯವ, ಮೂರು ಮಕ್ಕಳ ತಂದೆ, ಹೊಟ್ಟೆಯಲ್ಲಿ ಒಂದು ಮಾತು ಇಟ್ಟುಕೊಳ್ಳಲು ಬರುದಿಲ್ಲ. ನಮ್ಮೂರು ಸುಳ್ಯಕ್ಕೆ ಬಂದವನೇ ನನ್ನ ಹೆಂಡತಿ ಕುಂಞಿಪಾತುಮ್ಮಳಿಗೆ ಹೇಳಿದ. ಮರುದಿನವೇ ಅವಳು ನನ್ನನ್ನು ಪುತ್ತೂರಿನ ಬಸ್ಸು ಹತ್ತಿಸಿದಳು.

ಡಾಕ್ಟರು ಎದೆ ನೋಡುವ ಮೊದಲು ನನ್ನ ಕಣ್ಣು ನೋಡಿದರು. "ಕಣ್ಣಿನ ಮೂಲೆಯಲ್ಲಿ ಈ ಹಳದಿ ಗಂಟು ಎಷ್ಟು ವರ್ಷದಿಂದ ಉಂಟು?"

"ಅದು ಅದೃಷ್ಟದ ಗುರುತು ಅಂತ ನಮ್ಮ ಉಮ್ಮ ಹೇಳುತ್ತಿದ್ದರು. ನನ್ನ ತಮ್ಮ ಅದ್ದುವಿಗೂ ಇತ್ತು."

"ತಮ್ಮ ಈಗ ಎಲ್ಲಿದ್ದಾರೆ?"

"ತೀರಿಕೊಂಡ. ನಲವತ್ತಾರನೇ ವಯಸ್ಸಿಗೆ. ನಮಾಜಿಗೆ ಕಾಲು ತೊಳೆಯುತ್ತಾ ಕೂತಲ್ಲೇ."

ಡಾಕ್ಟರು ಕೂಡಲೇ ರಕ್ತ ತೆಗೆದರು. ಅದು ಮಂಗಳೂರಿಗೆ ಹೋಗಿ ಇವತ್ತು ಚೀಟಿ ಬಂತು. ಮುನ್ನೂರ ಹನ್ನೆರಡು. ರಕ್ತದಲ್ಲಿ ಕೊಬ್ಬು ಉಂಟಂತೆ, ಅದಕ್ಕೆ ಕೊಲೆಸ್ಟರಾಲ್ ಅಂತ ಹೆಸರಂತೆ. ಇನ್ನೂರ ಐವತ್ತರ ಒಳಗೆ ಬರಬೇಕಂತೆ. ಅದಕ್ಕೆ ಸರಿಯಾದ ಮಾತ್ರೆ ಇಲ್ಲವಂತೆ, ಬಾಯಿ ಕಟ್ಟಬೇಕಂತೆ. ತುಪ್ಪ ಇಲ್ಲ, ಆಡಿನ ಮಾಂಸ ಇಲ್ಲ, ತೆಂಗಿನೆಣ್ಣೆ ಇಲ್ಲ, ಬೀಡಿ ಇಲ್ಲ. ಹುರುಳಿ, ಸೊಪ್ಪು, ಮೀನಿನ ಸಾರು, ದಿನಾ ಮೂರು ಮೈಲು ನಡಿಗೆ.

"ತಿನ್ನುವಂಥದ್ದು ಏನಾದರೂ ಬಿಟ್ಟಿದ್ದೀರಾ ಡಾಕ್ಟರೇ?" ಅಂದೆ.

"ನಿಮ್ಮನ್ನು ಜೀವಸಹಿತ ಬಿಟ್ಟಿದ್ದೇನಲ್ಲ" ಅಂದರು.

ಅಷ್ಟಕ್ಕೆ ಮುಗಿಯಲಿಲ್ಲ. ಇನ್ನೂರ ಐವತ್ತಕ್ಕೆ ಇಳಿಯದಿದ್ದರೆ ಬೆಂಕಿಯ ಹತ್ತಿರ ನಿಲ್ಲುದು, ಹಂಡೆ ಎತ್ತುದು ಎಲ್ಲ ಬಂದ್. ವಾಪಸು ಬರುವಾಗ ಬಸ್ಸಿನಲ್ಲೇ, ಜೊತೆಗೆ ಬಂದಿದ್ದ ನನ್ನ ಹೆಂಡತಿ ತೀರ್ಪು ಕೊಟ್ಟಳು. ನಮ್ಮ ಒಬ್ಬಳೇ ಮಗಳು ರುಕಿಯಾಳ ಮದುವೆ ಈ ಸಲದ ರಂಜಾನ್ ಪೆರ್ನಾಲ್ ಹಬ್ಬ ಕಳೆದ ಮೇಲೆ ಉಂಟು. "ಆ ಅಂಕಿ ಇಳಿಯದಿದ್ದರೆ ಮದುವೆಗೆ ಯೂಸುಫ್ ಅಡುಗೆ ಮಾಡಲಿ. ನೀವು ಬಿಳಿ ಅಂಗಿ ಹಾಕಿಕೊಂಡು ಚಪ್ಪರದಲ್ಲಿ ಎಲ್ಲರಿಗೂ ಸಲಾಂ ಹೇಳಿ."

ನಾನು, ಆದಂ ಕುಂಞಿ, ಬಿಳಿ ಅಂಗಿ ಹಾಕಿ ಕೂರುದಾ? ಈ ಸೀಮೆಯಲ್ಲಿ ಕಂಡವರ ಮಕ್ಕಳಿಗೆಲ್ಲ ನನ್ನ ಕೈಯ ತುಪ್ಪದನ್ನ, ನನ್ನ ಮಗಳಿಗೆ ಯೂಸುಫನದ್ದಾ? ನೋಡುವ ಅದು ಹೇಗೆ ಆಗುತ್ತದೆ ಅಂತ.

ಇವತ್ತು ತಿಂದದ್ದು: ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ. ಗಂಜಿಗೆ ಉಪ್ಪು ಕಡಿಮೆ. ಮದುವೆಯಾಗಿ ಮೂವತ್ತು ವರ್ಷ ಆಯ್ತು, ಇವಳಿಗೆ ಉಪ್ಪಿನ ಹದ ಬಂದಿಲ್ಲ.

೧೦ ಅಕ್ಟೋಬರ್, ಗುರುವಾರ

ಗಂಜಿ. ಬಸಳೆ. ಉಪ್ಪು ಕಡಿಮೆ. ಬೀಡಿ ಎರಡು. ಯಾರಿಗೂ ಹೇಳಲಿಕ್ಕಿಲ್ಲ.

೧೬ ಅಕ್ಟೋಬರ್, ಬುಧವಾರ

ಕಿಟ್ಟಣ್ಣ ಬಸ್ಸಿನ ಏಜೆಂಟು. ನಾವಿಬ್ಬರು ನಾಲ್ಕನೇ ಕ್ಲಾಸಿನವರೆಗೆ ಒಂದೇ ಮಣೆಯಲ್ಲಿ ಕೂತವರು. ಹಾಗಂತ ಬಸ್ಸು ತುಂಬ ಜನ ಇರುವಾಗ ಹೀಗೆ ಹೇಳುದಾ? "ಒಂಚೂರು ಸರಿಯಿರಿ ಮಾರಾಯ್ರೆ, ಸಾಹೇಬರಿಗೆ ಎರಡು ಸೀಟು ಬೇಕು, ಅವರಿಗೊಂದು, ಹೊಟ್ಟೆಗೊಂದು!"

ಹೆಂಗಸರೂ ನಗಾಡಿದರು. ನಾನು ಇಳಿದೆ. "ಕಿಟ್ಟಣ್ಣ, ಇನ್ನು ಈ ಆದಂ ಕುಂಞಿ ನಿನ್ನ ಬಸ್ಸಿಗೆ ಕಾಲಿಟ್ಟರೆ ಕೇಳು" ಅಂದೆ. ಅರಂತೋಡಿಗೆ ಮದುವೆ ಮಾತಾಡಲು ಹೋಗಬೇಕಿತ್ತು. ಆರು ಮೈಲು ನಡೆದೇ ಹೋದೆ. ಮಡಿಕೇರಿ ರಸ್ತೆಯಲ್ಲಿ ಎಂಟು ಕಡೆ ಕೂತೆ, ನಾಯಿಯ ಹಾಗೆ ತೇಕಿದೆ. ಆದರೂ ಹೋದೆ.

ಇದನ್ನು ಡಾಕ್ಟರ ಲೆಕ್ಕಕ್ಕೆ ಸೇರಿಸಬಾರದು. ಇದು ಕಿಟ್ಟಣ್ಣನಿಗೆ ಬುದ್ಧಿ ಕಲಿಸಲು ನಡೆದದ್ದು.

೨೮ ಅಕ್ಟೋಬರ್, ಸೋಮವಾರ

ನಿನ್ನೆ ಜಾಲ್ಸೂರಿನಲ್ಲಿ ಮದುವೆ. ಐನೂರು ಜನ. ತುಪ್ಪದನ್ನ, ಆಡಿನ ಸಾರು, ಕೋಳಿ. ನಾನು ಒಂದು ಅಗುಳು ತಿನ್ನಲಿಲ್ಲ. ತಿನ್ನುವ ಕ್ರಮವೇ ಇಲ್ಲ. ನನಗೆ ಕೆಲಸ ಕಲಿಸಿದ ಹಕೀಮ್ ಕಾಕ ಹೇಳುತ್ತಿದ್ದರು: "ಅಡುಗೆಯವ ಮದುವೆ ಮನೆಯಲ್ಲಿ ಕೂತು ಉಣ್ಣಬಾರದು. ಉಂಡವನ ಕಣ್ಣು ಹಂಡೆಯ ಮೇಲೆ ನಿಲ್ಲುದಿಲ್ಲ." ಮೂವತ್ತೊಂದು ವರ್ಷದಿಂದ ನಾನು ಆ ಮಾತು ಮುರಿದಿಲ್ಲ. ಮನೆಯವರು ತಟ್ಟೆ ಹಾಕಿ ಕರೆಯುತ್ತಾರೆ, ನಾನು ಎದೆ ಮೇಲೆ ಕೈ ಇಟ್ಟು ಬೇಡ ಅನ್ನುತ್ತೇನೆ. ಮನೆಗೆ ಬಂದು ಗಂಜಿ.

ಯಾರು ಬೇಕಾದರೂ ಕೇಳಲಿ, ಆದಂ ಕುಂಞಿ ಕಳ್ಳತನದಲ್ಲಿ ತಿಂದವ ಅಲ್ಲ.

೧೧ ನವೆಂಬರ್, ಸೋಮವಾರ

ಮುನ್ನೂರ ಹದಿನೆಂಟು! ಇಳಿಯುದು ಬಿಟ್ಟು ಏರಿದೆ!

ಡಾಕ್ಟರು ನನ್ನ ಕಾಗದ ಓದಿದರು. ಗಂಜಿ, ಸೊಪ್ಪು, ಹುರುಳಿ, ಬೂತಾಯಿ ಮೀನಿನ ಸಾರು. ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಇದರಲ್ಲಿ ಬರೆಯದ್ದು ಎಂತ ಉಂಟು, ಆದಂ ಕುಂಞಿ?"

ನನಗೆ ಮೈಯೆಲ್ಲ ಉರಿಯಿತು. "ನಾನು ಸುಳ್ಳು ಹೇಳುದಿಲ್ಲ ಡಾಕ್ಟರೇ. ನಿಮ್ಮ ಮಂಗಳೂರಿನ ಮಿಷನ್ನು ಸುಳ್ಳು ಹೇಳುದು!" ಹೇಳಿ ಹೊರಗೆ ಬಂದೆ. ಬಾಯಿ ಕಟ್ಟಿ ಒಂದು ತಿಂಗಳು. ಬೀಡಿ ಬಿಟ್ಟು ಹದಿನೇಳು ದಿನ. ಇದಕ್ಕಾ?

ಇವಳು ಎಂತದೂ ಮಾತಾಡಲಿಲ್ಲ. ಇವಳು ಮಾತಾಡದಿದ್ದರೆ ನನಗೆ ಹೆದರಿಕೆ ಜಾಸ್ತಿ.

೯ ಡಿಸೆಂಬರ್, ಸೋಮವಾರ

ಇದು ಬರೆಯಬಾರದು ಅಂತ ಇದ್ದೆ. ಬರೆಯುತ್ತೇನೆ.

ನಿನ್ನೆ ಮಂಡೆಕೋಲಿನಲ್ಲಿ ಮದುವೆ. ಎಲ್ಲ ಚಂದ ಆಯ್ತು. ಇವತ್ತು ಬೆಳಿಗ್ಗೆ ಎದ್ದು ಅಡುಗೆ ಮನೆಗೆ ಹೋದರೆ, ಮಣೆಯ ಮೇಲೆ ಹಿಡಿ, ಮುಚ್ಚಳ ಇರುವ ಒಂದು ದೊಡ್ಡ ತೂಕುಪಾತ್ರೆ. ಇವಳು ಪಕ್ಕದಲ್ಲಿ ಕೂತಿದ್ದಾಳೆ. ಯೂಸುಫ್ ಬಾಗಿಲ ಹತ್ತಿರ, ಓಡಿಹೋಗಲು ತಯಾರಾಗಿ ನಿಂತಿದ್ದಾನೆ.

"ಮುಚ್ಚಳ ತೆಗೆಯಿರಿ" ಅಂದಳು.

ತೆಗೆದೆ. ಬೆಳಗಿನ ಚಳಿಗೆ ಮೇಲೆ ತುಪ್ಪ, ಕೊಬ್ಬು ಎಲ್ಲ ಗಟ್ಟಿಯಾಗಿ ಎರಡು ಬೆರಳು ದಪ್ಪ ಹೆಪ್ಪುಗಟ್ಟಿತ್ತು. ಬೆರಳಿನಿಂದ ಒತ್ತಿದೆ, ಒಳಗೆ ಹೋಗಲಿಲ್ಲ. ಅದರ ಅಡಿಯಲ್ಲಿ ಆಡಿನ ಸಾರು, ಅನ್ನ, ಕೋಳಿ ಎಲ್ಲ ಕಲಸು.

"ಎಂತ ಇದು? ಮದುವೆ ಮನೆಯ ಎಂಜಲಾ?"

"ನಿಮ್ಮದು" ಅಂದಳು. "ನಿನ್ನೆ ನೀವು ಒಂದೊಂದು ಸಲ ಸೌಟಿನಿಂದ ರುಚಿ ನೋಡುವಾಗಲೂ ಅಷ್ಟೇ ಅಷ್ಟು ಇದಕ್ಕೆ ಹಾಕು ಅಂತ ನಾನೇ ಯೂಸುಫನಿಗೆ ಹೇಳಿದ್ದು. ನಲವತ್ತೊಂದು ಸಲ."

ಯೂಸುಫ್ ನೆಲ ನೋಡುತ್ತಾ, "ನಲವತ್ಮೂರು ಕಾಕ. ಎರಡು ಸಲ ನನಗೆ ಹಾಕಲು ಆಗಲಿಲ್ಲ" ಅಂದ.

ನಾನು ಕೂಗಿದೆ. ಪಕ್ಕದ ಮನೆಗೂ ಕೇಳಿರಬೇಕು. ಗೂಢಚಾರರಾ ನೀವು? ನಾನು ತಿಂದದ್ದಲ್ಲ ಅದು! ರುಚಿ ನೋಡಿದ್ದು! ರುಚಿ ನೋಡದೆ ಐನೂರು ಜನಕ್ಕೆ ಅಡುಗೆ ಮಾಡುವ ಗಂಡಸು ಯಾರಿದ್ದಾನೆ ತೋರಿಸಿ! ರುಚಿ ನೋಡಿದ್ದು ಊಟವಲ್ಲ!

ಇವಳು ಅಳಲಿಲ್ಲ, ಕೂಗಲೂ ಇಲ್ಲ. "ನಾಲಗೆಗೆ ಅದು ರುಚಿ. ಹೊಟ್ಟೆಗೆ ಹೇಗೆ ಗೊತ್ತಾಗುದು?" ಅಂದಳು. ಆಮೇಲೆ ಸಣ್ಣ ಸ್ವರದಲ್ಲಿ, "ಅದ್ದುವೂ ನಿಮ್ಮ ಜೊತೆಯೇ ಹಂಡೆ ಬುಡದಲ್ಲಿ ನಿಲ್ಲುತ್ತಿದ್ದವ" ಅಂದಳು.

ನಾನು ತೂಕುಪಾತ್ರೆ ಎತ್ತಿ ಅಂಗಳಕ್ಕೆ ಎಸೆಯಲು ಹೋದೆ. ಎಷ್ಟು ಭಾರ ಇತ್ತು! ಎಸೆಯಲಿಲ್ಲ, ಕೆಳಗೆ ಇಟ್ಟೆ.

೧೦ ಡಿಸೆಂಬರ್, ಮಂಗಳವಾರ

ಯೂಸುಫನ ಹತ್ತಿರ ಮಾತು ಬಿಟ್ಟಿದ್ದೇನೆ. ಇವಳ ಹತ್ತಿರವೂ. ಗಂಜಿ.

೧೧ ಡಿಸೆಂಬರ್, ಬುಧವಾರ

ವಾರಕ್ಕೆ ಎರಡು ಮದುವೆ. ಒಂದಕ್ಕೆ ಆ ತೂಕುಪಾತ್ರೆಯಷ್ಟು. ಮೂವತ್ತೊಂದು ವರ್ಷ. ಲೆಕ್ಕ ಹಾಕಲು ಕೂತೆ, ಅರ್ಧದಲ್ಲಿ ಬಿಟ್ಟೆ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಅಂತ ಗಾದೆ ಹೇಳುದು ಸುಲಭ. ಆದರೆ ನಾಲಗೆ ಇಲ್ಲದೆ ನಾನು ಯಾರು? ಸೌದೆ ಒಟ್ಟುವವನಾ?

೨೨ ಡಿಸೆಂಬರ್, ಆದಿತ್ಯವಾರ

ಅರಂತೋಡಿನ ಮದುವೆ. ನಡೆದೇ ಹೋದೆ, ಎರಡು ಕಡೆ ಕೂತೆ. ಕಿಟ್ಟಣ್ಣನ ಬಸ್ಸು ದಾಟುವಾಗ ಅವನು ಬಾಗಿಲಲ್ಲಿ ನಿಂತು, "ಬನ್ನಿ ಮಾರಾಯ್ರೆ, ಸಿಟ್ಟು ಬಿಡಿ" ಅಂತ ಕರೆದ. ಮುಖ ತಿರುಗಿಸಿದೆ.

ರುಚಿ ನೋಡುದು ಯೂಸುಫನಿಗೆ ಬಿಟ್ಟೆ. ಬಾಯಿಗೆ ಹಾಕಿ ಉಗಿಯಿರಿ ಅಂತ ಯಾರೋ ಉಪದೇಶ ಮಾಡಿದರು. ಅನ್ನವನ್ನು ಉಗಿಯುದಾ? ಆ ಪಾಪ ನನಗೆ ಬೇಡ. ಹಾಗಾಗಿ ಯೂಸುಫನ ನಾಲಗೆ. ನಾಲಗೆಯಾ ಅದು? ಚಪ್ಪಲಿಯ ತುಂಡು! "ಸರಿ ಉಂಟು ಕಾಕ, ಸರಿ ಉಂಟು ಕಾಕ" ಅಂತ ಹೇಳಿ ಹೇಳಿ ಆಡಿನ ಸಾರು ಸಮುದ್ರದ ನೀರಾಯ್ತು. ಮದುಮಗಳ ಮಾವ ಮೂರು ಚೆಂಬು ನೀರು ಕುಡಿದರು. ನಾನು ಬಟಾಟೆ ಹಾಕಿ, ತೆಂಗಿನ ಹಾಲು ಹಾಕಿ ಸರಿ ಮಾಡಿದೆ. ಆಗ ಐದು ಸಲ ರುಚಿ ನೋಡಿದೆ. ಐದೇ. ಸತ್ಯ ಬರೆದಿದ್ದೇನೆ.

ಯೂಸುಫನ ಕೈಯಲ್ಲಿ ರುಕಿಯಾಳ ಮದುವೆ! ಆ ಅವಮಾನಕ್ಕಿಂತ ಅದ್ದುವಿನ ಪಕ್ಕದಲ್ಲಿ ಮಲಗುದು ವಾಸಿ ಅಂತ ಇವಳ ಎದುರು ಹೇಳಿಬಿಟ್ಟೆ. ಹೇಳಬಾರದಿತ್ತು. ಇವಳು ಎದ್ದು ಹೋದಳು.

೧೯ ಜನವರಿ ೧೯೬೪, ಆದಿತ್ಯವಾರ

ರಂಜಾನ್. ಬೆಳಗ್ಗಿನಿಂದ ಸಂಜೆವರೆಗೆ ನೋಂಬು, ಒಂದು ಹನಿ ನೀರೂ ಇಲ್ಲ. ಪ್ರತಿ ವರ್ಷದ ಹಾಗೆ ಮಸೀದಿಯಲ್ಲಿ ಸಂಜೆಯ ಗಂಜಿ ಬೇಯಿಸುದು ನನ್ನ ಸೇವೆ. ಜೀರಿಗೆ, ಮೆಂತೆ ಹಾಕಿ ಇನ್ನೂರು ಜನಕ್ಕೆ. ಬಾಂಗ್ ಆಯ್ತು, ಎಲ್ಲರೂ ಖರ್ಜೂರ ತಿಂದು ಗಂಜಿ ಕುಡಿದರು. ಬಾಂಗ್ ಕೊಡುವ ಮುದುಕರು ಬಟ್ಟಲು ಇಟ್ಟು, "ಆದಂ ಕುಂಞಿ, ಉಪ್ಪು ಅಂದರೆ ಇದು" ಅಂದರು.

ನಾನು ಸೌಟು ಹಿಡಿದುಕೊಂಡು ಹಾಗೆಯೇ ನಿಂತೆ.

ಇದಕ್ಕೆ ನಾನು ರುಚಿ ನೋಡಿದ್ದೇನಾ? ನೋಂಬಿನಲ್ಲಿ ಹೇಗೆ ನೋಡುದು! ಇವತ್ತು ನೋಡಲಿಲ್ಲ, ಹೋದ ವರ್ಷ ನೋಡಲಿಲ್ಲ. ರಂಜಾನಿನ ಇಪ್ಪತ್ತೇಳನೇ ರಾತ್ರಿಗೆ ಊರಿಗೆಲ್ಲ ತುಪ್ಪದನ್ನ ಮಾಡುದು, ಹಗಲಿಡೀ ಬಾಯಿ ಮುಚ್ಚಿಯೇ ಅಲ್ಲವಾ ಸಾರು ಕುದಿಸುದು? ವರ್ಷಕ್ಕೆ ಒಂದು ತಿಂಗಳು, ಮೂವತ್ತೊಂದು ವರ್ಷ, ನಾಲಗೆ ಇಲ್ಲದೆ ಅಡುಗೆ ಮಾಡಿದ್ದೇನೆ! ಒಬ್ಬನೂ ಉಪ್ಪು ಕಡಿಮೆ ಅನ್ನಲಿಲ್ಲ. ಯಾ ಅಲ್ಲಾ, ನಾನು ಎಂಥ ಕತ್ತೆ!

ಮೂಗು ಉಂಟು. ಕೈಯ ಅಳತೆ ಉಂಟು. ಕಿವಿ ಉಂಟು. ಉಪ್ಪು ಹಿಡಿದ ಸಾರಿನ ಆವಿ ಬೇರೆ, ಹಿಡಿಯದ್ದರದ್ದು ಬೇರೆ. ತುಪ್ಪದಲ್ಲಿ ಈರುಳ್ಳಿಯ ಸದ್ದು ನಿಂತಾಗ ಅಕ್ಕಿ ಹಾಕಬೇಕು. ಇದೆಲ್ಲ ನನಗೆ ಗೊತ್ತುಂಟು. ಹನ್ನೊಂದು ತಿಂಗಳು ಸುಮ್ಮನೆ ಚಪಲಕ್ಕೆ ಸೌಟು ನೆಕ್ಕಿದ್ದು.

ಇದು ಡಾಕ್ಟರ ಮಾತು ಕೇಳಿ ಅಲ್ಲ. ಡಾಕ್ಟರಿಗೆ ತೋರಿಸಿಕೊಡಲು.

೬ ಫೆಬ್ರವರಿ, ಗುರುವಾರ

ಲುಂಗಿಯ ಬೆಲ್ಟಿಗೆ ಮೊಳೆಯಲ್ಲಿ ಹೊಸ ತೂತು ಹೊಡೆದೆ. ಚರ್ಮ ಹಳತಾಗಿ ಹಿಗ್ಗಿರಬೇಕು.

ಇವಳ ಬಳೆ ಗಂಜಿ ಬಡಿಸುವಾಗ ಮೊಣಕೈವರೆಗೆ ಜಾರುತ್ತದೆ. ಮದುವೆಯ ಕೆಲಸ ಜಾಸ್ತಿ, ಅದಕ್ಕೆ ಸಪೂರ ಆಗಿದ್ದಾಳೆ. ರುಕಿಯಾಳಿಗೆ ಹೇಳಿದೆ, ಉಮ್ಮನಿಗೆ ಸ್ವಲ್ಪ ಸಹಾಯ ಮಾಡು ಅಂತ. ಅವಳು "ಕೆಲಸದಿಂದ ಅಲ್ಲ ಬಾಪ" ಅಂತ ಎಂತದೋ ಹೇಳಲು ಹೋದಳು. ಇವಳು ಒಳಗಿನಿಂದ ಕರೆದಳು, ಮಾತು ಅಲ್ಲಿಗೇ ನಿಂತಿತು.

೨೪ ಫೆಬ್ರವರಿ, ಸೋಮವಾರ

ಇನ್ನೂರ ನಲವತ್ತನಾಲ್ಕು!

ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ. ಡಾಕ್ಟರು ಚೀಟಿ ಎರಡು ಸಲ ಓದಿದರು. "ಹೇಗೆ ಮಾಡಿದಿರಿ?"

"ನಿಮ್ಮ ಮಾತು ಕೇಳಿ ಅಲ್ಲ" ಅಂದೆ.

"ಅದು ನನಗೆ ಗೊತ್ತುಂಟು" ಅಂತ ನಗಾಡಿದರು. ನಾಳೆಯಿಂದ ಹಳೇ ಚಾಳಿ ಸುರು ಮಾಡಿದರೆ ಅಂಕಿಯೂ ಹಳೇ ಜಾಗಕ್ಕೆ ಬರುತ್ತದೆ ಅಂದರು. ಹಂಡೆ ಎತ್ತುದು ಮಾತ್ರ ಯೂಸುಫನಿಗೆ ಬಿಡಬೇಕಂತೆ. ಬಿಡುವ, ಅವನ ನಾಲಗೆಯಷ್ಟು ತೋಳು ಕೆಟ್ಟಿಲ್ಲ. ಹೊರಡುವಾಗ ಇವಳನ್ನು ನೋಡಿ, "ನಿಮ್ಮ ಹೆಂಡತಿ ಯಾಕೆ ಇಷ್ಟು ಇಳಿದಿದ್ದಾರೆ?" ಅಂತ ಕೇಳಿದರು. ಮಗಳ ಮದುವೆಯ ಚಿಂತೆ ಅಂದೆ. ಇವಳು ಸೆರಗು ಎಳೆದುಕೊಂಡು ಬಾಗಿಲ ಹತ್ತಿರ ಹೋದಳು.

ಬಸ್‌ಸ್ಟ್ಯಾಂಡಿನಲ್ಲಿ ಕಿಟ್ಟಣ್ಣ ಸಿಕ್ಕಿದ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇದು ಯಾರು ಮಾರಾಯ್ರೆ? ಅರ್ಧ ಸೀಟು ಸಾಕಲ್ಲ!" ಅಂದ. ಇಷ್ಟು ದಿನ ಪುತ್ತೂರಿಗೆ ಬೇರೆ ಬಸ್ಸು ಹಿಡಿದೆ, ಈ ಹೊತ್ತಿಗೆ ಅದಿಲ್ಲ. ಸುಳ್ಯಕ್ಕೆ ನಡೆಯಲು ನನಗೇನು ಹುಚ್ಚಾ? ಇವಳೂ ಜೊತೆಗಿದ್ದಳು. ಬಸ್ಸಿಗೆ ಹತ್ತಿದೆ. ಆದರೆ ಊರೊಳಗೆ ನಡೆಯುದು ಬಿಡುದಿಲ್ಲ. ಸಿಟ್ಟು ಪೂರ್ತಿ ಇಳಿದಿಲ್ಲ.

೯ ಮಾರ್ಚ್, ಸೋಮವಾರ

ನಿನ್ನೆ ರುಕಿಯಾಳ ಮದುವೆ ಆಯ್ತು.

ಬೆಳಗಿನ ಜಾವದ ಸುಬಹಿ ನಮಾಜು ಮುಗಿಸಿ ಒಲೆ ಹೊತ್ತಿಸಿದೆ. ಏಳುನೂರು ಜನ. ಅಂಗಿಯೂ ಇಲ್ಲ, ಬಿಳಿಯೂ ಇಲ್ಲ, ಬರೀ ಬನಿಯನ್ನು, ತಲೆಗೆ ಟವೆಲು. ಯೂಸುಫ್ ಹಂಡೆ ಎತ್ತಿದ, ನಾನು ಕಣ್ಣು ಮುಚ್ಚಿ ಮೂಸಿದೆ. ಉಪ್ಪು ಕೈಯಳತೆಯಲ್ಲಿ. ಒಂದು ಸೌಟು ಬಾಯಿಗೆ ಇಟ್ಟಿಲ್ಲ. ಹನ್ನೊಂದು ಗಂಟೆಗೆ ಎಲ್ಲ ತಯಾರು.

ಆಗ ನಾನು ಹಂಡೆಯ ಸುತ್ತ ಸುಮ್ಮನೆ ಸುತ್ತಲು ಸುರು ಮಾಡಿದೆ. ಬೇರೆಯವರ ಮಗಳಾಗಿದ್ದರೆ ಸುತ್ತುತ್ತಿರಲಿಲ್ಲ. ಮದುಮಗನ ಕಡೆಯವರು ಪುತ್ತೂರಿನಿಂದ ಹೊರಟಾಗಿದೆ. ಉಪ್ಪು ತಪ್ಪಿದ್ದರೆ? ಯೂಸುಫನನ್ನು ಕೇಳಿ ಪ್ರಯೋಜನ ಇಲ್ಲ. ಬೇರೆ ಯಾರ ನಾಲಗೆಯ ಮೇಲೂ ನಂಬಿಕೆ ಇಲ್ಲ. ಉಪ್ಪಿನ ಹದ ಬಾರದಿದ್ದರೂ ನನ್ನ ಎದುರು ಇದ್ದದ್ದು ಇದ್ದ ಹಾಗೆ ಹೇಳುವವಳು ಒಬ್ಬಳೇ.

"ಕುಂಞಿಪಾತುಮ್ಮಳನ್ನು ಕರೆ" ಅಂದೆ.

ಯೂಸುಫ್ ನನ್ನ ಮುಖ ನೋಡಿದ. ಗಂಡಸರ ಒಲೆಯ ಹತ್ತಿರ ಇವಳು ಒಂದು ದಿನ ಬಂದವಳಲ್ಲ, ನಾನು ಕರೆದವನೂ ಅಲ್ಲ. ಹಿತ್ತಲ ಕಡೆಯಿಂದ ಬಂದಳು. ಹೊಸ ಸೀರೆ, ಸೆರಗು ತಲೆ ತುಂಬ. ಒಂದು ಬಸಿಯಲ್ಲಿ ತುಪ್ಪದನ್ನ, ಮೇಲೆ ಆಡಿನ ಸಾರು ಹಾಕಿ ಕೊಟ್ಟೆ.

"ನೋಡು. ಸುಳ್ಳು ಹೇಳಬೇಡ."

ಒಂದು ತುತ್ತು ಬಾಯಿಗೆ ಇಟ್ಟಳು. ಅಗಿಯುದು ನಿಂತಿತು. ಕಣ್ಣಿನಲ್ಲಿ ನೀರು ತುಂಬಿ ಇಳಿಯಿತು.

"ಎಂತ ಆಯ್ತು? ಉಪ್ಪು ಜಾಸ್ತಿಯಾ? ಹೇಳು!"

ತಲೆ ಅಲ್ಲಾಡಿಸಿದಳು. "ಎಲ್ಲ ಸರಿ ಉಂಟು. ಇದರ ರುಚಿ ನನಗೆ ಮರೆತೇಹೋಗಿತ್ತು."

"ಮರೆಯುದು ಹೇಗೆ? ಮನೆಯಲ್ಲಿ ನೀನು, ರುಕಿಯಾ ಮಾಡಿ ತಿನ್ನುದಿಲ್ವಾ?"

"ರುಕಿಯಾಳಿಗೆ ಮಾಡಿ ಕೊಡುತ್ತಿದ್ದೆ" ಅಂದಳು. "ನೀವು ಆ ಕೋಣೆಯಲ್ಲಿ ಗಂಜಿ ಉಣ್ಣುವಾಗ ನನಗೆ ಬೇರೆಯದ್ದು ಗಂಟಲಲ್ಲಿ ಇಳಿಯುತ್ತಿರಲಿಲ್ಲ."

ಐದು ತಿಂಗಳು. ಈ ಪುಸ್ತಕದಲ್ಲಿ ಗಂಜಿ, ಗಂಜಿ ಅಂತ ನನ್ನದನ್ನು ಮಾತ್ರ ಬರೆದಿದ್ದೇನೆ. ಇವಳು ತಿಂದದ್ದು ಒಂದು ದಿನ ಕೇಳಲಿಲ್ಲ. ಬಳೆ ಕಂಡೆ, ಬಳೆಯ ಒಳಗಿನ ಕೈ ಕಾಣಲಿಲ್ಲ. ಹೊಗೆ ಕಣ್ಣಿಗೆ ಹೋಯ್ತು ಅಂತ ಯೂಸುಫನಿಗೆ ಬೈದು ಆಚೆ ತಿರುಗಿದೆ.

ಮದುಮಗನ ಕಡೆಯವರು ಉಂಡರು. ಅವರ ಹಿರಿಯರೊಬ್ಬರು ಒಲೆಯ ಹತ್ತಿರ ಬಂದು, "ಅಡುಗೆ ಯಾರದ್ದು?" ಅಂತ ಕೇಳಿದರು.

"ಮದುಮಗಳ ಬಾಪನದ್ದು!" ಅಂತ ಚಪ್ಪರ ಅದುರುವ ಹಾಗೆ ಹೇಳಿದೆ. ಅವರು ನನ್ನ ಮಸಿ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ರುಕಿಯಾಳನ್ನು ಕಳಿಸಿಕೊಟ್ಟು ಬರುವಾಗ ಮೂರು ಗಂಟೆ. ಚಪ್ಪರದಲ್ಲಿ ಯಾರೂ ಇರಲಿಲ್ಲ. ಇವಳು ಒಂದು ದೊಡ್ಡ ತಟ್ಟೆಯಲ್ಲಿ ಗಂಜಿ, ಬದಿಯಲ್ಲಿ ಹುರುಳಿ ಚಟ್ನಿ ತಂದಳು. ಅಡುಗೆಯವ ಮದುವೆ ಮನೆಯಲ್ಲಿ ಕೂತು ಉಣ್ಣಬಾರದು ಅಂತ ಹಕೀಮ್ ಕಾಕ ಹೇಳಿದ್ದು ನೆನಪಾಯ್ತು. ಇರಲಿ. ಅವರು ಗಂಜಿಯ ವಿಷಯ ಹೇಳಲಿಲ್ಲ.

ನಿಂತುಕೊಂಡು ಬಡಿಸಲು ಹೋದವಳನ್ನು ಕೈ ಹಿಡಿದು ಎದುರು ಕೂರಿಸಿದೆ. ಒಂದೇ ತಟ್ಟೆಯಿಂದ ಇಬ್ಬರೂ ಉಂಡೆವು.

"ಹೇಗುಂಟು?" ಅಂತ ಕೇಳಿದಳು.

ಉಪ್ಪು ಕಡಿಮೆ ಇತ್ತು. ನಾನು ಹೇಳಲಿಲ್ಲ.